ಸೋಸಿ ಹಾಕಿದ ಎಣ್ಣೆ

ಕಾರು ಹೊಳೆನರಸೀಪುರಕ್ಕೆ ಬಂದದ್ದು ತನ್ನ ಚಕ್ರದ ಮೇಲಲ್ಲ, ಲಾರಿಯೊಂದರ ಬೆನ್ನ ಮೇಲೆ. ಚನ್ನರಾಯಪಟ್ಟಣದಿಂದ ಅಷ್ಟು ದೂರವೂ ಚಿಕ್ಕಯ್ಯ ಲಾರಿ ಡ್ರೈವರನ ಪಕ್ಕ ಕೂತು, ಹತ್ತು ಹತ್ತು ನಿಮಿಷಕ್ಕೆ ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲಿ ಅದನ್ನು ನೋಡುತ್ತಿದ್ದ. ಹಳದಿ ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತಿರುವ ವಿದೇಶಿ ಸ್ಪೋರ್ಟ್ಸ್ ಕಾರು. ಪಟ್ಟಿಗಳಿಂದ ಬಿಗಿಸಿಕೊಂಡು ಅಲುಗದೆ ನಿಂತಿದ್ದ ಅದನ್ನು ಕಂಡರೆ, ಕಾಲು ಮುರಿದ ಹೋರಿಯನ್ನು ಟೆಂಪೋದಲ್ಲಿ ದನದ ಆಸ್ಪತ್ರೆಗೆ ಸಾಗಿಸುತ್ತಿದ್ದೇನೆ ಅನ್ನಿಸುತ್ತಿತ್ತು ಅವನಿಗೆ.

ರಂಗಸ್ವಾಮಿಯ ಗ್ಯಾರೇಜು ಅರಕಲಗೂಡು ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವಲ್ಲಿ ಇದೆ. ಐವತ್ತರ ಆಸುಪಾಸಿನ ಆಳು. ಹದಿನಾಲ್ಕು ವರ್ಷ ಕೊಯಮತ್ತೂರಿನಲ್ಲಿ ರೇಸ್ ಕಾರುಗಳ ಶೆಡ್ಡಿನಲ್ಲಿ ಕೆಲಸ ಮಾಡಿ ಬಂದವನು. ಅವನ ಮುಂದೆ ಈಗ ನಿಲ್ಲುವುದೆಲ್ಲ ಭತ್ತ ಹೇರುವ ಗೂಡ್ಸ್ ಆಟೋ, ಎಳನೀರು ತುಂಬುವ ಪಿಕಪ್ಪು. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಹಾಸನದ ಕಡೆಯಿಂದ ಇಂಥದ್ದೊಂದು ಬರುತ್ತದೆ. ಬಂದ ದಿನ ಅವನ ಬಾಯಿ ಸುಮ್ಮನಿರುವುದಿಲ್ಲ.

"ಏನ್ ಚಿಕ್ಕಯ್ಯಣ್ಣ, ಅಮ್ಮಣ್ಣಿ ಗಾಡೀನ ಓಡ್ಸ್ಕಂಡು ಬಾ ಅಂದ್ರೆ ಮೆರವಣಿಗೆ ಮಾಡ್ಕಂಡು ಬಂದಿದ್ದೀಯಲ್ಲ?"

"ಓಡ್ಸಬ್ಯಾಡಿ ಅಂತ ಫೋನಲ್ಲಿ ನೀನೇ ಅಂದಲ್ಲಪ್ಪ."

"ಅಂದೆ. ಅಂದಿದ್ದು ಕೇಳಿದ್ರಲ್ಲ, ಅದೇ ನಿಮ್ ಪುಣ್ಯ. ಈಗ ಸಮಾಚಾರ ಏಳು. ಏನಾಯ್ತದೆ ಇದಕ್ಕೆ?"

"ಬೆಳಿಗ್ಗೆ ಮೊದಲ್ನೇ ಸಲ ಸ್ಟಾರ್ಟ್ ಮಾಡ್ದಾಗ ಮುಂದ್ಗಡೆ ಗಲಗಲ ಅಂತದೆ. ಡಬ್ಬೀಲಿ ಉಣ್ಸೆಬೀಜ ಆಕಿ ಅಳ್ಳಾಡ್ಸಿದಂಗೆ. ಆಮ್ಯಾಕೆ ನಿಂತೋಯ್ತಿತ್ತು. ಈಗ ಒಂದ್ ವಾರದಿಂದ ನಿಂತ ಜಾಗದಲ್ಲೇ ನಡುಗ್ತದೆ, ಏರಲ್ಲಿ ಎಳೆಯಕಿಲ್ಲ. ಎಂಜಿನ್ ದೀಪ ಅತ್ತಿದ್ದು ಆರೇ ಇಲ್ಲ."

ಇದೆಲ್ಲ ನಿಜವೇ. ಹೇಳದೆ ಉಳಿಸಿಕೊಂಡದ್ದು ಒಂದಿತ್ತು.

ಚಿಕ್ಕಯ್ಯ ಕಾರಿನ ಒಡತಿ ದೀಪಶ್ರೀಯ ಮನೆಯಲ್ಲಿ ಮೂವತ್ತೆರಡು ವರ್ಷದಿಂದ ಟ್ರ್ಯಾಕ್ಟರ್ ಡ್ರೈವರು. ಹುಡುಗಿ ಹನ್ನೆರಡು ವರ್ಷದವಳಿದ್ದಾಗ ರಾಗಿ ಕುಯ್ದ ಹೊಲದಲ್ಲಿ ತನ್ನ ಮುಂದೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸಿದವನೂ ಅವನೇ. ಈಗ ಅವಳು ಚನ್ನರಾಯಪಟ್ಟಣದ ಹೊರಗೆ ತೆಂಗಿನ ನಾರಿನ ಕಾರ್ಖಾನೆ ನಡೆಸುತ್ತಾಳೆ. ಮೂರು ವರ್ಷದ ಹಿಂದೆ ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಾಗ, ಮನೆಯವರಿಗೆಲ್ಲ ತೋರಿಸುವ ಮುಂಚೆ ಚಿಕ್ಕಯ್ಯನನ್ನು ಪಕ್ಕ ಕೂರಿಸಿಕೊಂಡು ಜಿನನಾಥಪುರದವರೆಗೂ ಒಂದು ಸುತ್ತು ಹೋಗಿಬಂದಿದ್ದಳು. ಅವಳು ಊರಲ್ಲಿಲ್ಲದಾಗ ವಾರಕ್ಕೊಮ್ಮೆ ಕಾರನ್ನು ಸ್ಟಾರ್ಟ್ ಮಾಡಿ, ಒರೆಸಿ, ಮುಚ್ಚಿಡುವುದು ಅವನ ಕೆಲಸ. ಅದನ್ನು ಅವನು ಕೆಲಸ ಅಂದುಕೊಂಡಿರಲಿಲ್ಲ.

ಎರಡು ತಿಂಗಳ ಹಿಂದೆ ಅಂಥ ಒಂದು ವಾರ ಅವನು ಆಯಿಲ್ ಗೇಜು ಎಳೆದು ನೋಡಿದ. ಆಯಿಲ್ ಕೆಳಗಿನ ಗೆರೆಗೆ ಇಳಿದಿತ್ತು. ಬೆರಳಿಗೆ ಹಚ್ಚಿಕೊಂಡರೆ ನೀರು ನೀರಾಗಿತ್ತು. ಅಷ್ಟು ತೆಳ್ಳನೆಯ ಎಂಜಿನ್ ಆಯಿಲನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸರ್ವೀಸು ಮಾಡಿದ ಹುಡುಗ ಅಮ್ಮಣ್ಣಿಗೆ ಟೋಪಿ ಹಾಕಿದ್ದಾನೆ ಅಂದುಕೊಂಡ. ಟ್ರ್ಯಾಕ್ಟರಿಗೆಂದು ತಂದಿಟ್ಟಿದ್ದ ಮಂದವಾದ ಹೊಸ ಆಯಿಲಿನ ಡಬ್ಬ ಒಡೆದ. ಎಂಜಿನ್ನಿಗೆ ಏನು ಹಾಕಿದರೂ ಸೋಸಿ ಹಾಕಬೇಕು ಎಂದು ಅವನ ಮೊದಲ ಗುರು ಕಲಿಸಿದ್ದ. ಪಂಪ್‌ಸೆಟ್ಟಿಗೆ ಡೀಸೆಲ್ ಹಾಕುವಾಗಲೂ ಹಾಗೇ. ಅದಕ್ಕೆ ಹಳೆಯ ಪಂಚೆಯೊಂದನ್ನು ಹರಿದು, ಎರಡು ಪದರ ಮಾಡಿ, ಆಲಿಕೆಗೆ ಹಾಸಿ, ಒಂದೂವರೆ ಲೀಟರನ್ನು ನಿಧಾನವಾಗಿ ಸೋಸಿ ಸುರಿದ. ಅವನ ಹೆಂಡತಿ ಮಾಯಮ್ಮ ಅಲ್ಲೇ ತೆಂಗಿನಕಾಯಿ ಸುಲಿಯುತ್ತಿದ್ದಳು.

"ನಂಗೆ ಮಂಡಿ ನೋವು ಅಂದ್ರೆ ಒಂದು ತೊಟ್ಟು ಎಣ್ಣೆ ತರಕಿಲ್ಲ. ಅದಕ್ಕೆ ನೋಡು, ಮಗೀಗೆ ಔಷ್ದಿ ಕುಡಿಸ್ದಂಗೆ!" ಅಂದಿದ್ದಳು.

ಅವನು ನಕ್ಕಿದ್ದ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಆ ದಿನ ಚೆನ್ನಾಗಿ ಊಟ ಮಾಡಿದ್ದ.

ಗಲಗಲ ಸದ್ದು ಶುರುವಾದದ್ದು ಹದಿನೈದು ದಿನದ ಮೇಲೆ. ಸದ್ದಿನ ವಿಷಯ ದೀಪಶ್ರೀಗೆ ಹೇಳಿದ, ಆಯಿಲಿನ ವಿಷಯ ಹೇಳಲಿಲ್ಲ. ಮೊದಮೊದಲು ಅವೆರಡಕ್ಕೂ ಸಂಬಂಧವಿದೆ ಅಂತ ಹೊಳೆದಿರಲಿಲ್ಲ. ಹೊಳೆದ ಮೇಲೆ ಬಾಯಿ ಬರಲಿಲ್ಲ.

ರಂಗಸ್ವಾಮಿ ಎಂಜಿನ್ ಸ್ಟಾರ್ಟ್ ಮಾಡಲೇ ಇಲ್ಲ. ಕಾರಿನ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡು, "ಯಾರೂ ಸೆಲ್ಫ್ ಹೊಡೀಬ್ಯಾಡಿ" ಎಂದು ಶೆಡ್ಡಿಗೆಲ್ಲ ಕೇಳುವಂತೆ ಕೂಗಿದ. ಆಮೇಲೆ ಕೀಲಿಯನ್ನು ಅರ್ಧ ತಿರುಗಿಸಿ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ಸಾಲು ಸಾಲು ಅಕ್ಷರ ಮೂಡಿದವು.

"ಏನಂತದೆ?" ಚಿಕ್ಕಯ್ಯ ಇಣುಕಿದ.

"ಕ್ರ್ಯಾಂಕ್ ಒಂದ್ ಏಳ್ತದೆ, ಕ್ಯಾಮ್ ಇನ್ನೊಂದ್ ಏಳ್ತದೆ, ಇಬ್ರಿಗೂ ತಾಳೆ ಇಲ್ಲ ಅಂತದೆ. ಇದನ್ ನೋಡಿ ಎಷ್ಟೋ ಜನ ಸೆನ್ಸರ್ ಬದಲಾಯ್ಸಿ ಕಳಿಸ್ಬುಡ್ತಾರೆ. ಸುದ್ದಿ ತಂದೋನ ಬಾಯಿಗೆ ಒಡೆದ್ರೆ ಸುದ್ದಿ ಬದಲಾಯ್ತದಾ, ನೀನೇ ಏಳು."

"ನಂಗೆ ತಿಳಿಯಂಗೆ ಏಳಪ್ಪ."

ರಂಗಸ್ವಾಮಿ ಎರಡು ಮುಷ್ಟಿಗಳ ಗೆಣ್ಣುಗಳನ್ನು ಗೇರಿನ ಹಲ್ಲಿನಂತೆ ಒಂದಕ್ಕೊಂದು ಕಚ್ಚಿಸಿ ತೋರಿಸಿದ. "ನಿನ್ ಟ್ರ್ಯಾಕ್ಟರಲ್ಲಿ ಅಲ್ಲಿಗೆ ಅಲ್ಲು ಕಚ್ಚಿರೋ ಗೇರು ಅವೆ. ಇದ್ರಲ್ಲಿ ಚೈನು. ಕೆಳಗಡೆ ಕ್ರ್ಯಾಂಕು ಎರಡ್ ಸುತ್ತು ತಿರುಗಿದ್ರೆ ಮೇಲ್ಗಡೆ ಕ್ಯಾಮ್ ಶಾಫ್ಟು ಒಂದ್ ಸುತ್ತು. ಗಾಳಿ ಬರೋ ಬಾಗ್ಲು, ಒಗೆ ಓಗೋ ಬಾಗ್ಲು, ಎರಡನ್ನೂ ಒತ್ತಿಗೆ ಸರಿಯಾಗಿ ತೆಗೆದು ಮುಚ್ಚೋದು ಅದು. ಚೈನು ಸಡ್ಲಾಗಿ ಒಂದ್ ಅಲ್ಲು ಆರ್ತು ಅಂತಿಟ್ಕೊ. ಒತ್ತು ತಪ್ತು. ಗಾಡಿಗೆ ಉಸಿರು ಕಟ್ತದೆ, ನಡುಗ್ತದೆ. ಇನ್ನೊಂದೆರಡು ಅಲ್ಲು ಆರ್ತು, ಪಿಸ್ಟನ್ನು ಮ್ಯಾಕೆ ಬರೋ ಒತ್ಗೆ ಬಾಗ್ಲು ತೆಗೆದೇ ಇರ್ತದೆ. ಡಿಕ್ಕಿ. ವಾಲ್ವು ಬಗ್ಗೋಯ್ತದೆ. ಆಮ್ಯಾಕೆ ಇದು ಎಂಜಿನ್ ಅಲ್ಲ, ಗುಜರಿ."

"ಈಗ ಎಷ್ಟ್ ಅಲ್ಲು ಆರವೆ?"

"ಬಿಚ್ಚಿದ್ರೆ ಗೊತ್ತಾಯ್ತದೆ."

ಮೊದಲು ಆಯಿಲ್ ಇಳಿಸಿದ. ಕಪ್ಪು ಆಯಿಲು ಬಾಣಲೆಗೆ ಬೀಳುವ ರೀತಿ ನೋಡುತ್ತಲೇ ಅವನ ಹುಬ್ಬು ಗಂಟಾಯಿತು. ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿದ, ಮೂಸಿದ.

"ಇದ್ಯಾರು ಇದಕ್ಕೆ ಗಂಜಿ ಕುಡ್ಸಿರೋದು? ಇದರ ಆಯಿಲ್ ನೀರಿನಂಗೆ ಇರ್ಬೇಕು ಕಣಣ್ಣ. ಇದ್ರಲ್ಲಿ ಟ್ರ್ಯಾಕ್ಟರ್ ಆಯಿಲ್ ಬೆರ್ತದೆ."

ಚಿಕ್ಕಯ್ಯ ಬಾಣಲೆಯನ್ನೇ ನೋಡುತ್ತ ನಿಂತ. ಆಗ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ದೀಪಶ್ರೀಯ ಫೋನು ಬಂತು. ಅವಳು ನಾರಿನ ಯಂತ್ರ ನೋಡಲು ಪೊಳ್ಳಾಚಿಗೆ ಹೋಗಿದ್ದಳು. ರಂಗಸ್ವಾಮಿ ಸ್ಪೀಕರಿಗೆ ಹಾಕಿ, ಕೈ ಒರೆಸಿಕೊಳ್ಳುತ್ತ ಕಂಡದ್ದನ್ನು ಕಂಡಂತೆ ಹೇಳಿದ.

"ಹಂಗಾದ್ರೆ ಕೀರ್ತಿರಾಜನ ಕೆಲಸ" ಅಂದಳು. "ಮಾರ್ಚಲ್ಲಿ ಸರ್ವೀಸ್ ಮಾಡಿದ್ದು ಅವನೇ. ಹೊಸದಾಗಿ ಗ್ಯಾರೇಜ್ ಹಾಕಿದ್ದಾನೆ, ಓದ್ಕೊಂಡಿರೋ ಹುಡುಗ, ಬೆಳೀಲಿ ಅಂತ ಹಾಸನ ಬಿಟ್ಟು ಅರಕಲಗೂಡಿಗೆ ಹೋಗಿ ಕೊಟ್ಟೆ. ಒಳ್ಳೆ ಆಯಿಲಿಗೆ ಬಿಲ್ ಮಾಡಿ ಇದನ್ನ ಹಾಕಿದ್ದಾನೆ ನೋಡಿ."

"ಅವಸರ ಬ್ಯಾಡ ಅಮ್ಮಣ್ಣಿ, ಪೂರ್ತಿ ಬಿಚ್ತೀನಿ ತಡೀರಿ."

"ಬಿಚ್ಚಿ, ಫೋಟೋ ತೆಗೆದಿಡಿ ರಂಗಸ್ವಾಮಣ್ಣ. ಶನಿವಾರ ಬರ್ತೀನಿ. ನಮ್ಮ ಕಾರಿನ ಗ್ರೂಪಲ್ಲಿ ಇನ್ನೂರು ಜನ ಇದ್ದಾರೆ, ಎಲ್ಲರಿಗೂ ಹಾಕ್ತೀನಿ. ಇನ್ನೊಬ್ಬರು ಮೋಸ ಹೋಗ್ಬಾರ್ದು. ಚಿಕ್ಕಯ್ಯಣ್ಣ ಇದ್ದಾನಾ? ಚಿಕ್ಕಯ್ಯಣ್ಣ, ಊಟ ಆಯ್ತಾ? ನೀನು ಅಲ್ಲೇ ಇರು, ಗಾಡಿ ಬಿಟ್ಟು ಬರಬೇಡ."

"ಊಂ ಅಮ್ಮಣ್ಣಿ" ಅಂದ ಚಿಕ್ಕಯ್ಯ. ಊಟ ಆಗಿರಲಿಲ್ಲ.

ದಿನವೂ ಬೆಳಿಗ್ಗೆ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ಹೋಗುವುದಾಯಿತು. ಎರಡನೆಯ ದಿನ ರಂಗಸ್ವಾಮಿ ಎಂಜಿನ್ನಿನ ಮುಂದಿನ ಮುಚ್ಚಳ ಇಳಿಸಿದ. ಒಳಗೆ ಕ್ರ್ಯಾಂಕಿನ ಗೇರಿನಿಂದ ಮೇಲಿನ ಎರಡು ಕ್ಯಾಮ್ ಗೇರುಗಳಿಗೆ ಏರಿ ಇಳಿದ ಚೈನು ಒಂದು ಕಡೆ ಜೋತುಬಿದ್ದಿತ್ತು. ಅದನ್ನು ಬಿಗಿ ಹಿಡಿಯಬೇಕಾದ ಟೆನ್ಷನರಿನ ಕಡ್ಡಿ ಅರ್ಧಕ್ಕೇ ನಿಂತಿತ್ತು. ಚೈನು ಒರಗಿ ಓಡುವ ಪ್ಲಾಸ್ಟಿಕ್ ಪಟ್ಟಿಯ ತುದಿ ಮುರಿದಿತ್ತು. ರಂಗಸ್ವಾಮಿ ಟಾರ್ಚು ಹಿಡಿದು ಗೇರಿನ ಗುರುತುಗಳನ್ನು ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಒಂದೇ ಅಲ್ಲು" ಅಂದ. "ಗಾಳಿ ಕಡೆ ಕ್ಯಾಮು ಒಂದ್ ಅಲ್ಲು ಇಂದಕ್ಕೆ ಬಿದ್ದದೆ. ಬದುಕ್ತು ಕಣಣ್ಣ. ಇನ್ನೊಂದ್ ದಿನ ಓಡ್ಸಿದ್ರೆ ಕತೆ ಮುಗೀತಿತ್ತು."

ಚಿಕ್ಕಯ್ಯ ಅಲ್ಲಿದ್ದ ಟೈರೊಂದರ ಮೇಲೆ ಕೂತ.

"ಆದ್ರೆ ಟೆನ್ಷನರ್ ಯಾಕೆ ಒರಗೆ ಬರ್ಲಿಲ್ಲ? ಅದು ಬರೋದು ಆಯಿಲ್ ಒತ್ತಡದಲ್ಲಿ. ಚಳೀಲಿ ಮಂದ ಆಯಿಲು ಬೇಗ ಏರಾಕಿಲ್ಲ. ಅಷ್ಟೊತ್ತು ಚೈನು ಕುಣೀತಿತ್ತು. ಅದೇ ನಿನ್ ಉಣ್ಸೆಬೀಜ." ರಂಗಸ್ವಾಮಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವಂತೆ ಹೇಳುತ್ತ, ಕ್ಯಾಮಿಗೆ ಆಯಿಲ್ ಹಂಚುವ ಬೆರಳುದ್ದದ ವಾಲ್ವೊಂದನ್ನು ಬಿಚ್ಚಿ ಹೊರಗೆಳೆದ. ಅದರ ಸೊಂಟದ ಸುತ್ತ ಉಗುರಗಲದ ಸಣ್ಣ ಜಾಲರಿ ಇತ್ತು. ಅವನು ಅದನ್ನು ಬೆಳಕಿಗೆ ಹಿಡಿದ. ಚಿಮಟ ತಗೊಂಡು ಜಾಲರಿಯಿಂದ ಏನನ್ನೋ ಮೆಲ್ಲಗೆ ಕಿತ್ತು, ಪೆಟ್ರೋಲಿನಲ್ಲಿ ಅದ್ದಿ, ಹಳೇ ಪೇಪರಿನ ಮೇಲೆ ಇಟ್ಟ. ಇನ್ನೊಂದು ಕಿತ್ತ. ಮತ್ತೊಂದು.

ಕಪ್ಪು ಬಿಟ್ಟ ಮೇಲೆ ಅವು ಬೆಳ್ಳಗೆ ಕಂಡವು. ಹತ್ತಿಯ ಎಳೆಗಳು.

"ಬಟ್ಟೆ ನೂಲು" ಅಂದ ರಂಗಸ್ವಾಮಿ. "ಫಿಲ್ಟರ್ ದಾಟಿ ಎಂಗ್ ಬಂತು? ಆಯಿಲ್ ಮಂದ ಆದ್ರೆ ಫಿಲ್ಟರೊಳಗೆ ನುಗ್ಗಕ್ಕಾಗ್ದೆ ಪಕ್ಕದ ದಾರೀಲಿ ಓಯ್ತದೆ, ಅಲ್ವಾ. ಓಗೋವಾಗ ಇದನ್ನೂ ಕರ್ಕೊಂಡು ಬಂದದೆ."

ಚಿಮಟ ಕೆಳಗಿಟ್ಟ. ಚಿಕ್ಕಯ್ಯನ ಮುಖ ನೋಡದೆ, ಗದ್ದೆಯ ಕಡೆ ನೋಡುತ್ತ ಬೀಡಿ ಹಚ್ಚಿದ.

"ಆಯಿಲ್ನ ಬಟ್ಟೇಲಿ ಸೋಸಿ ಆಕೋರು ಸರ್ವೀಸ್ ಮಾಡೋರಲ್ಲ ಕಣಣ್ಣ. ಸೀಲ್ ಡಬ್ಬ ಒಡೀತಾರೆ, ಸುರೀತಾರೆ. ಸೋಸೋದು ಪಂಪ್‌ಸೆಟ್ ಓಡ್ಸಿದೋರು. ನಮ್ಮಪ್ಪನೂ ಸೋಸೋನು. ಒಳ್ಳೇದಾಗ್ಲಿ ಅಂತ್ಲೇ ಸೋಸೋದು."

ಚಿಕ್ಕಯ್ಯ ಪೇಪರಿನ ಅಂಚನ್ನು ಮಡಚಿ ಎಳೆಗಳ ಮೇಲೆ ಮುಚ್ಚಿದ.

"ಶನಿವಾರ ಅಮ್ಮಣ್ಣಿ ಬಂದಾಗ ನಾನ್ ಕಂಡಿದ್ದು ಏಳ್ತೀನಿ. ಮಂದ ಆಯಿಲ್ ಏಳ್ತೀನಿ, ನೂಲು ಏಳ್ತೀನಿ. ಯಾರು ಅಂತ ನಾನ್ ಏಳಾಕಿಲ್ಲ. ಅದು ನನ್ ಕೆಲ್ಸ ಅಲ್ಲ."

ಹೊಸ ಚೈನು, ಟೆನ್ಷನರ್, ಪ್ಲಾಸ್ಟಿಕ್ ಪಟ್ಟಿ, ವಾಲ್ವು ಎಲ್ಲವನ್ನೂ ರಂಗಸ್ವಾಮಿ ಕೊಯಮತ್ತೂರಿನ ತನ್ನ ಹಳೆಯ ಗೆಳೆಯನಿಗೆ ಹೇಳಿ ಪಾರ್ಸೆಲ್ಲಿನಲ್ಲಿ ಹಾಸನಕ್ಕೆ ತರಿಸಿದ. ಒಂದು ಸಾಮಾನು ಮಾತ್ರ ಉಳಿಯಿತು. ಎರಡು ಕ್ಯಾಮ್ ಶಾಫ್ಟುಗಳೂ ಕೂದಲೆಳೆಯಷ್ಟು ಅಲುಗದಂತೆ ಹಿಡಿದಿಡುವ ಉಕ್ಕಿನ ಪಟ್ಟಿ. ಅದು ಆಯಾ ಎಂಜಿನ್ನಿಗೆ ಬೇರೆ ಬೇರೆ.

"ಈ ಸೀಮೇಲಿ ಅದು ಒಬ್ಬನತ್ರಾನೇ ಇರೋದು" ಎಂದ ಶುಕ್ರವಾರ ಬೆಳಿಗ್ಗೆ. "ಅರಕಲಗೂಡಿನ ಕೀರ್ತಿರಾಜ. ಫೋನ್ ಮಾಡಿ ಏಳಿದ್ದೀನಿ. ನೀನೇ ಓಗಿ ಇಸ್ಕೊಂಡು ಬಾ."

"ಬ್ಯಾರೆ ಯಾರನ್ನಾರ ಕಳ್ಸು ರಂಗಸ್ವಾಮಿ."

"ಬ್ಯಾರೆಯೋರಿಗೆ ಕೆಲ್ಸ ಅದೆ. ನೀನ್ ಟೈರ್ ಮೇಲೆ ಕೂತಿದ್ದೀಯ, ನೀನೇ ಓಗು."

ಕೊಣನೂರು ಬಸ್ಸು ಹತ್ತಿ ಚಿಕ್ಕಯ್ಯ ಅರಕಲಗೂಡಿನಲ್ಲಿ ಇಳಿದ. ಕೀರ್ತಿರಾಜನ ಗ್ಯಾರೇಜು ಸಣ್ಣದು. ಎರಡು ಗಾಡಿ ನಿಂತರೆ ಮೂರನೆಯದು ರಸ್ತೆಯಲ್ಲಿ. ನೆಲ ಮಾತ್ರ ಊಟಕ್ಕೆ ಎಲೆ ಹಾಕುವಷ್ಟು ಚೊಕ್ಕಟ. ಸ್ಪ್ಯಾನರುಗಳು ಗೋಡೆಯ ಮೇಲೆ ಅಳತೆಯ ಪ್ರಕಾರ ನೇತಾಡುತ್ತಿದ್ದವು. ಅವುಗಳ ಪಕ್ಕದಲ್ಲಿ ಚೌಕಟ್ಟು ಹಾಕಿಸಿದ ಒಂದು ಫೋಟೋ ಇತ್ತು: ಹಳದಿ ಕಾರಿನ ಮುಂದೆ ಕೀರ್ತಿರಾಜ, ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾನೆ.

"ಬನ್ನಿ ಚಿಕ್ಕಯ್ಯಣ್ಣ" ಎಂದು ಅವನೇ ಎದ್ದು ಬಂದ. ಇಪ್ಪತ್ತೆಂಟರ ಆಳು, ಮೂರು ದಿನದ ಗಡ್ಡ. ಎದುರು ಹೋಟೆಲಿಗೆ ಕಾಫಿ ಕೂಗಿದ. ಬೀರು ತೆಗೆದು, ಮೆತ್ತನೆ ಬಟ್ಟೆಯಲ್ಲಿ ಸುತ್ತಿದ್ದ ಪಟ್ಟಿಯನ್ನು ಕೊಟ್ಟ. ಅದರ ಮೇಲೆ ಒಂದು ಗೀರೂ ಇರಲಿಲ್ಲ.

"ಒಂದ್ಸಲನೂ ಬಳಸಿಲ್ಲ. ಮೇಡಂ ಕಾರು ಕೊಟ್ರಲ್ಲ, ಮುಂದೆ ಯಾವತ್ತಾದ್ರೂ ಟೈಮಿಂಗ್ ಕೆಲ್ಸ ಬಂದ್ರೆ ನನ್ನ ಹತ್ರ ಟೂಲ್ ಇಲ್ಲ ಅನ್ನಂಗಾಗ್ಬಾರ್ದು ಅಂತ ತರಿಸ್ದೆ."

ಆಮೇಲೆ ಸೀಲು ಒಡೆಯದ ಆಯಿಲಿನ ಡಬ್ಬವೊಂದನ್ನೂ ತಂದು ಪಕ್ಕಕ್ಕಿಟ್ಟ. "ಇದೇ ಆಯಿಲ್ ನಾನು ಹಾಕಿದ್ದು. ಇದನ್ನೂ ತಗೊಂಡೋಗಿ."

ಕಾಫಿ ಬಂತು. ಕೀರ್ತಿರಾಜ ತನ್ನ ಲೋಟ ಮುಟ್ಟಲಿಲ್ಲ.

"ಕಾರು ರಂಗಸ್ವಾಮಣ್ಣನ ಹತ್ರ ಬಂದಿದೆ ಅಂತ ಕೇಳಿದಾಗಿನಿಂದ ಫೋನ್ ಮಾಡ್ತಾ ಇದ್ದೀನಿ, ಮೇಡಂ ಎತ್ತುತಾ ಇಲ್ಲಣ್ಣ. ನಾನೇನಾದ್ರೂ ತಪ್ಪು ಮಾಡಿದ್ನಾ ಅಂತ ಮೂರು ದಿನದಿಂದ ಯೋಚ್ನೆ ಮಾಡ್ತಾ ಇದ್ದೀನಿ. ಡ್ರೈನ್ ಬೋಲ್ಟು ಸರಿಯಾಗೇ ಬಿಗಿ ಮಾಡಿದ್ದೆ. ಫಿಲ್ಟರು ಹೊಸದು. ಒಂದೊಂದನ್ನೂ ಬರೆದಿಟ್ಟಿದ್ದೀನಿ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

ಚಿಕ್ಕಯ್ಯ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ.

"ನಾಳೆ ಗೊತ್ತಾಯ್ತದೆ ಕಣಪ್ಪ" ಅಂದುಬಿಟ್ಟು ಎದ್ದ.

ಬಸ್ಸಿನಲ್ಲಿ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಡಬ್ಬವನ್ನು ಎರಡು ಪಾದಗಳ ನಡುವೆ ಹಿಡಿದು ಕೂತ. ದೀಪಶ್ರೀ ಬೈಯುತ್ತಾಳೆಂಬ ಭಯ ಅವನಿಗಿರಲಿಲ್ಲ. ಅವಳು ಬೈಯುವುದಿಲ್ಲ. "ಹೋಗ್ಲಿ ಬಿಡು ಚಿಕ್ಕಯ್ಯಣ್ಣ" ಅನ್ನುತ್ತಾಳೆ. ಮಾರನೆಯ ವಾರದಿಂದ ಕಾರಿನ ಕೀಲಿ ಮೊಳೆಯ ಮೇಲೆ ಇರುವುದಿಲ್ಲ, ಅಷ್ಟೆ. ಮೂವತ್ತೆರಡು ವರ್ಷ ಎಂಜಿನ್ನಿನ ವಿಷಯದಲ್ಲಿ ಆ ಮನೆಯಲ್ಲಿ ಅವನ ಮಾತೇ ಮಾತು. ಅದು ಹೋಗುತ್ತದೆ. ತಕ್ಕಡಿಯ ಇನ್ನೊಂದು ಕಡೆಗೆ ಆ ಹುಡುಗನನ್ನು ಇಟ್ಟು ನೋಡಿದ. ಇನ್ನೂರು ಜನರಿಗೆ ಒಂದು ಫೋಟೋ ಹೋದರೆ ಅವನ ಗ್ಯಾರೇಜಿನ ಬಾಗಿಲಿಗೆ ಅಂಥ ಕಾರು ಇನ್ನೊಂದು ಬರುವುದಿಲ್ಲ. ಬಸ್ಸು ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಲೆಕ್ಕ ಮುಗಿದಿತ್ತು.

ಶನಿವಾರ ಬೆಳಿಗ್ಗೆಯಿಂದಲೇ ರಂಗಸ್ವಾಮಿ ಕಡಿಮೆ ಮಾತಾಡಿದ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದ. ಪಕ್ಕದ ಮನೆಯಿಂದ ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಇಸಿದುಕೊಂಡು ಬಂದು, ಮೊದಲನೆಯ ಪ್ಲಗ್ಗಿನ ತೂತಿಗೆ ಇಳಿಬಿಟ್ಟ.

"ಇಂಥ ಗಾಡಿಗೆ ಪೊರಕೆ ಕಡ್ಡೀನಾ?" ಅಂದ ಚಿಕ್ಕಯ್ಯ.

"ಕಬ್ಬಿಣ ಬಿಟ್ರೆ ಸಿಲಿಂಡರ್ ಗೀಚ್ತದೆ. ಇದು ಗೀಚಾಕಿಲ್ಲ, ಪಿಸ್ಟನ್ ಏರೋದು ಇಳಿಯೋದು ಕಣ್ಣಿಗೆ ಕಾಣ್ತದೆ. ಕೊನೇಗೆ ಗೇಜು ಇಟ್ಟು ಅಳೀತೀನಿ. ಕೊಯಮತ್ತೂರಲ್ಲಿ ಇದನ್ ನೋಡಿ ನಗೋರು. ಆಮ್ಯಾಕೆ ಅವರೂ ಪೊರಕೆ ತಂದಿಟ್ಕೊಂಡ್ರು."

ಕಡ್ಡಿ ಮೇಲೆ ಮೇಲೆ ಬಂದು ಒಂದು ಕಡೆ ನಿಂತಿತು. ಗೇಜಿಟ್ಟು ಪಿಸ್ಟನ್ನಿನ ತುತ್ತತುದಿ ಹಿಡಿದ. ಕ್ಯಾಮ್ ಶಾಫ್ಟುಗಳ ಹಿಂಬದಿಯ ಸೀಳಿಗೆ ಕೀರ್ತಿರಾಜನ ಪಟ್ಟಿ ಬಿಗಿಯಾಗಿ ಕೂತಿತು. ಹೊಸ ಚೈನು ಏರಿಸಿದ, ಬಣ್ಣದ ಕೊಂಡಿಗಳನ್ನು ಗೇರಿನ ಗುರುತಿಗೆ ಕೂಡಿಸಿದ, ಟೆನ್ಷನರಿನ ಪಿನ್ನು ಎಳೆದ. ಟಕ್ ಎಂದು ಚೈನು ಸೆಟೆದು ನಿಂತಿತು. ಪಟ್ಟಿ ತೆಗೆದ.

"ಈಗ ಕೈಯಲ್ಲೇ ಎರಡು ಸುತ್ತು. ಬಾರಣ್ಣ, ನೀನ್ ತಿರುಗ್ಸು, ನಾನ್ ಗುರುತು ನೋಡ್ತೀನಿ. ಮುಂದಕ್ಕೇ ಓಗ್ಬೇಕು, ಇಂದಕ್ ಬರಂಗಿಲ್ಲ. ಎಲ್ಲಾದ್ರೂ ತಡೀತು ಅನ್ಸಿದ್ರೆ ನಿಂತ್ಕೊ, ಜೋರ್ ಮಾಡ್ಬ್ಯಾಡ."

ಚಿಕ್ಕಯ್ಯ ಉದ್ದನೆಯ ಹಿಡಿಯನ್ನು ಕ್ರ್ಯಾಂಕಿನ ಬೋಲ್ಟಿಗೆ ಕೊಟ್ಟು ಒತ್ತಿದ. ಎಂಜಿನ್ನು ಕೈಗೆ ಸಿಕ್ಕಿತು. ವಾಲ್ವುಗಳ ಸ್ಪ್ರಿಂಗು ಒತ್ತುವಾಗ ಸ್ವಲ್ಪ ಭಾರ, ದಾಟಿದ ಮೇಲೆ ಹಗುರ. ಒಂದು ಸುತ್ತು ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂದಾಗ ರಸ್ತೆಯಲ್ಲಿ ಟ್ಯಾಕ್ಸಿ ನಿಂತ ಸದ್ದು, ಬಾಗಿಲು ಹಾಕಿದ ಸದ್ದು. ದೀಪಶ್ರೀ ಒಳಗೆ ಬಂದಳು. ಕೈಯಲ್ಲಿ ಫೋನಿತ್ತು.

"ಬಂದ್ರಾ ಅಮ್ಮಣ್ಣಿ" ಎಂದ ರಂಗಸ್ವಾಮಿ, ಗುರುತಿನಿಂದ ಕಣ್ಣು ತೆಗೆಯದೆ. "ಒಂದ್ನಿಮಿಷ ಮಾತಾಡ್ಬ್ಯಾಡಿ."

ಚಿಕ್ಕಯ್ಯ ಒತ್ತುತ್ತಲೇ ಇದ್ದ. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು. ಹಿಡಿ ಎಲ್ಲಿಯೂ ತಡೆಯಲಿಲ್ಲ.

"ಸಾಕು. ನಿಲ್ಸು. ಕೂತ್ಕೊತು!" ರಂಗಸ್ವಾಮಿ ಪಟ್ಟಿಯನ್ನು ಮತ್ತೆ ಇಟ್ಟು ನೋಡಿದ. ಅದು ಒತ್ತದೇ ಇಳಿಯಿತು.

ದೀಪಶ್ರೀ ಉಸಿರು ಬಿಟ್ಟಳು. "ಫೋಟೋ ತೆಗೆದಿಟ್ರಾ? ನಾನು ಬರೆದು ಇಟ್ಕೊಂಡಿದ್ದೀನಿ, ಫೋಟೋ ಸೇರಿಸಿ ಕಳಿಸೋದೊಂದೇ."

"ಕಳಿಸ್ಬ್ಯಾಡಿ ಅಮ್ಮಣ್ಣಿ" ಅಂದ ಚಿಕ್ಕಯ್ಯ.

ಹಿಡಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದ. "ಆ ಕೀರ್ತಿರಾಜನ್ ತಪ್ಪಿಲ್ಲ. ಆ ಆಯಿಲ್ ಆಕಿದ್ದು ನಾನು. ನೀವು ಮೈಸೂರಿಗೆ ಓಗಿದ್ರಲ್ಲ, ಆವಾಗ. ಗೇಜ್ ನೋಡ್ದೆ, ಕಮ್ಮಿ ಇತ್ತು. ನೀರ್ ನೀರಾಗಿತ್ತು. ಅವನು ಮೋಸ ಮಾಡವ್ನೆ ಅಂತ ನಾನೇ ಅಂದ್ಕೊಂಡು ಟ್ರ್ಯಾಕ್ಟರ್ ಆಯಿಲ್ ಸುರ್ದೆ. ಪಂಚೇಲಿ ಸೋಸಿ ಸುರ್ದೆ. ಆ ನೂಲೇ ಒಳಗೆ ಕಟ್ಕೊಂಡಿರೋದು."

ದೀಪಶ್ರೀ ಫೋನನ್ನು ಕೆಳಗಿಳಿಸಿದಳು.

"ಎಷ್ಟು ಹಾಕ್ದೆ?" ಅಂದಳು ದೀಪಶ್ರೀ.

"ಒಂದೂವರೆ ಲೀಟ್ರು."

"ಎರಡು ತಿಂಗಳಾಯ್ತು. ಯಾಕೆ ಹೇಳ್ಲಿಲ್ಲ?"

"ಬೈತೀರಾ ಅಂತ ಅಲ್ಲ. ನೀವು ಬೈಯಾಕಿಲ್ಲ ಅಂತ ಗೊತ್ತಿತ್ತು. ಅದ್ಕೇ ಏಳಾಕಾಗ್ಲಿಲ್ಲ."

ಅವಳು ಫೋನನ್ನು ನೋಡಿದಳು. ಬೆರಳಿನಿಂದ ಬರೆದದ್ದನ್ನೆಲ್ಲ ಅಳಿಸುವುದು ಚಿಕ್ಕಯ್ಯನಿಗೆ ಕಾಣಿಸಿತು. ಉದ್ದನೆಯ ಬರಹವೇ ಇದ್ದಿರಬೇಕು, ಹೊತ್ತು ಹಿಡಿಯಿತು. ಆಮೇಲೆ ಅಲ್ಲಿದ್ದ ಸ್ಟೂಲು ಎಳೆದು ಕೂತಳು.

"ಬೈತೀನಿ" ಅಂದಳು. "ಇವತ್ತು ಬೈತೀನಿ ಚಿಕ್ಕಯ್ಯಣ್ಣ. ಆಯಿಲ್ ಹಾಕಿದ್ದಕ್ಕಲ್ಲ. ಆ ಹುಡುಗ ಹನ್ನೊಂದು ಸಲ ಫೋನ್ ಮಾಡಿದ್ದ, ನಾನು ಒಂದು ಸಲಾನೂ ಎತ್ತಲಿಲ್ಲ. ಎಂಥ ಕೆಲಸ ಮಾಡಿಸ್ತಿದ್ದ್ಯಲ್ಲ ನನ್ ಕೈಲಿ!"

ಧ್ವನಿ ಏರಿತು. ಶೆಡ್ಡಿನವರು ತಿರುಗಿ ನೋಡಿದರು. ಅವಳು ಅವನನ್ನು ಗದರಿದ್ದು ಅದೇ ಮೊದಲು. ಗದರಿಕೆ ಮೈಮೇಲೆ ಬೀಳುತ್ತಿದ್ದ ಹಾಗೆ, ಬಿಸಿಲಲ್ಲಿ ಹೊತ್ತ ಮೂಟೆಯನ್ನು ಯಾರೋ ಬೆನ್ನಿಂದ ಇಳಿಸಿಕೊಂಡಂತೆ ಚಿಕ್ಕಯ್ಯನ ಹೆಗಲು ಸಡಿಲಾಯಿತು. ಅವಳು ತನ್ನನ್ನು ಮುದುಕನೆಂದು ಬಿಟ್ಟುಬಿಡಲಿಲ್ಲ. ತಪ್ಪು ಮಾಡಿದ ದೊಡ್ಡ ಮನುಷ್ಯನಿಗೆ ಹೇಳುವಂತೆ ಹೇಳಿದಳು.

"ಟೆನ್ಷನರೂ ಅಳೇದೇ ಆಗಿತ್ತು ಅಮ್ಮಣ್ಣಿ" ರಂಗಸ್ವಾಮಿ ನಡುವೆ ಬಂದ. "ಪೂರಾ ಚಿಕ್ಕಯ್ಯಣ್ಣನ ಮ್ಯಾಲೇ ಆಕ್ಬ್ಯಾಡಿ. ಮುಕ್ಕಾಲು ಆಕಿ."

"ಮುಕ್ಕಾಲು ಸಾಕು" ಅಂದ ಚಿಕ್ಕಯ್ಯ. ರಂಗಸ್ವಾಮಿ ನಕ್ಕ. ದೀಪಶ್ರೀ ನಗಲಿಲ್ಲ, ಆದರೆ ಮುಖ ಸಡಿಲಾಯಿತು. ಎದ್ದು ಹೊರಗೆ ಹೋಗಿ ಫೋನು ಮಾಡಿದಳು. ಬಹಳ ಹೊತ್ತು ಅವಳೇ ಮಾತಾಡಿದಳು. ಬಂದು, "ಅವನು ಬರಲಿ. ಅವನು ಬರೋವರೆಗೂ ಸ್ಟಾರ್ಟ್ ಮಾಡೋದು ಬೇಡ" ಅಂದಳು.

ಅಷ್ಟರಲ್ಲಿ ರಂಗಸ್ವಾಮಿ ಒಂದೊಂದು ಸಿಲಿಂಡರಿಗೂ ಗಾಳಿ ತುಂಬಿ, ವಾಲ್ವುಗಳ ಹತ್ತಿರ ಕಿವಿಯಿಟ್ಟು ಸೋರುವ ಸದ್ದಿದೆಯೇ ಎಂದು ಕೇಳಿದ. ನಾಲ್ಕರಲ್ಲೂ ಇರಲಿಲ್ಲ, ಯಾವ ವಾಲ್ವೂ ಬಗ್ಗಿರಲಿಲ್ಲ. ಮುಂದಿನ ಮುಚ್ಚಳ, ಪ್ಲಗ್ಗುಗಳನ್ನು ಮತ್ತೆ ಕೂರಿಸಿ, ಹೊಸ ಫಿಲ್ಟರು ಹಾಕಿ, ಕೀರ್ತಿರಾಜನ ಡಬ್ಬದ ಆಯಿಲು ಸುರಿದ. ಸುರಿಯುವಾಗ ಚಿಕ್ಕಯ್ಯನ ಕಡೆ ನೋಡಿ, "ಸೋಸ್ಲಾ?" ಅಂದ.

"ಥೂ ನಿನ್ನ!" ಅಂದ ಚಿಕ್ಕಯ್ಯ.

ಮಧ್ಯಾಹ್ನ ಮೂರರ ಹೊತ್ತಿಗೆ ಕೀರ್ತಿರಾಜನ ಬೈಕು ಬಂತು. ಅವನು ಸ್ಟ್ಯಾಂಡು ಹಾಕುವ ಮುಂಚೆಯೇ ಚಿಕ್ಕಯ್ಯ ರಸ್ತೆಗೆ ಹೋಗಿದ್ದ. ದೀಪಶ್ರೀ ಎಲ್ಲವನ್ನೂ ಹೇಳಿದ್ದಾಳೆಂದು ಗೊತ್ತಿದ್ದರೂ ತನ್ನ ಬಾಯಿಂದ ಇನ್ನೊಮ್ಮೆ ಹೇಳಿದ. ನಿನ್ನೆ ಕಾಫಿ ಕುಡಿದು ಸುಮ್ಮನೆ ಎದ್ದು ಬಂದದ್ದನ್ನೂ ಹೇಳಿದ. "ತಪ್ಪಾಯ್ತು ಕಣಪ್ಪ" ಅಂದ.

ಕೀರ್ತಿರಾಜ ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿದ. ಸಿಟ್ಟು ಬಂದಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಅದು ಹೋಗುವವರೆಗೂ ಕಾಯುವವನಂತೆ ಕಾದ.

"ನಾನು ಒಂದು ಮಾತು ಹೇಳಬೇಕಿತ್ತು ಅಣ್ಣ" ಅಂದ ಕೊನೆಗೆ. "ಗಾಡಿ ನೋಡ್ಕೊಳ್ಳೋರು ನೀವು ಅಂತ ನನಗೆ ಗೊತ್ತಿತ್ತು. ಈ ಆಯಿಲು ನೀರಿನಂಗೆ ಇರುತ್ತೆ, ಗಾಬರಿ ಬೀಳಬೇಡಿ ಅಂತ ಹೇಳಿಬಿಟ್ಟಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ. ಡಬ್ಬದ ಮೇಲಿನ ನಂಬರು ಕನ್ನಡದಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸ್ತೀನಿ. ಮುಂದಿನ ಸಲ ಕಮ್ಮಿ ಆದ್ರೆ ನೀವೇ ಹಾಕಿ."

"ನಾನೇ ಆಕ್ಲಾ?"

"ಮತ್ತಿನ್ಯಾರು ನೋಡ್ತಾರೆ ಅಷ್ಟೊಂದು?"

ಚಿಕ್ಕಯ್ಯ ಅವನ ತೋಳನ್ನು ಹಿಡಿದು, ಬಿಟ್ಟ.

ದೀಪಶ್ರೀ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಎಂಜಿನ್ನು ಎರಡು ಮೂರು ಸೆಕೆಂಡು ಗಲಗುಟ್ಟಿತು. ರಂಗಸ್ವಾಮಿ ಕೈ ಎತ್ತಿ, "ಆಯಿಲ್ ಏರ್ತಾ ಅದೆ, ಏರ್ತಾ ಅದೆ" ಅಂದ. ಸದ್ದು ತೆಳ್ಳಗಾಯಿತು, ಇಲ್ಲವಾಯಿತು. ಉಳಿದದ್ದು ಒಂದೇ ಸಮನಾದ ಉಸಿರು. ಸ್ಕ್ಯಾನರಿನ ಪರದೆಯಲ್ಲಿ ಕ್ರ್ಯಾಂಕಿಗೂ ಕ್ಯಾಮಿಗೂ ತಾಳೆ ಬಂದಿತ್ತು. ಎಂಜಿನ್ ಬಿಸಿಯಾಗಲು ಬಿಟ್ಟು, ಆಮೇಲೆ ರಂಗಸ್ವಾಮಿ ಪಕ್ಕದ ಸೀಟಿಗೆ ಇಳಿದು ಕೂತ. ಕಾರು ಅರಕಲಗೂಡಿನ ಕಡೆಗೆ ಹೊರಟಿತು.

ಚಿಕ್ಕಯ್ಯನೂ ಕೀರ್ತಿರಾಜನೂ ಗ್ಯಾರೇಜಿನ ಮುಂದೆ ನಿಂತರು. ಕಾರು ಕಣ್ಣಿಗೆ ಕಾಣದಾದ ಮೇಲೂ ಅದರ ಸದ್ದು ಬಯಲಿನಲ್ಲಿ ಕೇಳಿಸುತ್ತಿತ್ತು. ಗೇರು ಬದಲಾಯಿತು, ಮತ್ತೊಂದು ಗೇರು. ಏರಿಗೆ ಬಂದಾಗ ದನಿ ದಪ್ಪವಾಯಿತು, ಆದರೆ ಕುಗ್ಗಲಿಲ್ಲ. ಇಬ್ಬರೂ ಅತ್ತ ಕಡೆಗೇ ಕಿವಿಯಿಟ್ಟು ನಿಂತಿದ್ದರು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ಒಂದು ಗಳಿಗೆ ನೋಡಿ, ಮತ್ತೆ ಬಗ್ಗಿದರು.

"ಎಳೀತಾ ಅದಾ?" ಚಿಕ್ಕಯ್ಯ ಕೇಳಿದ.

"ಎಳೀತಾ ಇದೆ ಅಣ್ಣ. ಕೇಳಿ, ಎಲ್ಲೂ ತಡವರಿಸ್ತಿಲ್ಲ."

ಚಿಕ್ಕಯ್ಯ ಕೇಳಿದ. ಸದ್ದು ತೀರ ದೂರ ಹೋಗಿ, ಒಂದು ಕಡೆ ತಿರುಗಿಕೊಂಡು, ಊರಿನ ಕಡೆಗೆ ಬರತೊಡಗಿತು.